ಕ್ಲಾಸಿನ ಗೋಡೆಯ ಮೇಲೆ ದಶಾಜ್ಞೆ, ಮಗಳ ಬ್ಯಾಗಿನಲ್ಲಿ ಗಣಪತಿ

ಪ್ರಶ್ನೆ

"ನಮಸ್ಕಾರ ಸರ್. ನಾವು ಹಾಸನದ ಕಡೆಯವರು. ಒಂಬತ್ತು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇವೆ. ಯಜಮಾನರು ಎಚ್-1ಬಿ ವೀಸಾದಲ್ಲಿದ್ದಾರೆ, ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದೇವೆ. ಮಗಳು ಇಲ್ಲೇ ಹುಟ್ಟಿದವಳು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ 3ನೇ ತರಗತಿ ಓದುತ್ತಿದ್ದಾಳೆ. ಈ ತಿಂಗಳು ಅವಳ ಕ್ಲಾಸಿನ ಗೋಡೆಗೆ ಬೈಬಲ್ಲಿನ ದಶಾಜ್ಞೆಗಳ ಪೋಸ್ಟರ್ ಹಾಕಿದ್ದಾರೆ. 'ಗ್ರೇವನ್ ಇಮೇಜ್ ಅಂದ್ರೇನು' ಅಂತ ಅವಳು ಅಪ್ಪನನ್ನು ಕೇಳಿದಳು. ಅವರು 'ಮೂರ್ತಿ' ಅಂದರು. ಆಮೇಲೆ ರಾತ್ರಿ ಮಲಗುವಾಗ ನನ್ನನ್ನು ಕೇಳಿದಳು: 'ಅಮ್ಮಾ, ನಾವು ಮಣ್ಣಿನ ಗಣಪತಿ ಮಾಡಿದ್ವಲ್ಲ, ಟೀಚರ್‌ಗೆ ಗೊತ್ತಾದ್ರೆ ಬೈತಾರಾ?' ಮನೆಯ ಹಬ್ಬದ ಚಿತ್ರ ಬರೆದುಕೊಂಡು ಬನ್ನಿ ಅಂತ ಟೀಚರ್ ಹೇಳಿದ್ದರಂತೆ. ಇವಳು ಗಣಪತಿ ಬರೆದು ಬ್ಯಾಗಿನಲ್ಲೇ ಬಚ್ಚಿಟ್ಟಿದ್ದಾಳೆ.

ಪಕ್ಕದ ಮನೆಯವರು 'ಧರ್ಮ ಬೇರೆ, ಸರ್ಕಾರ ಬೇರೆ ಅಂತ ಅಮೆರಿಕದ ಸಂವಿಧಾನದಲ್ಲೇ ಇದೆ, ಇದು ತಪ್ಪು' ಅನ್ನುತ್ತಾರೆ. ಆಫೀಸಿನ ಒಬ್ಬರು 'ಹಾಗೆ ಎಲ್ಲೂ ಬರೆದಿಲ್ಲ' ಅನ್ನುತ್ತಾರೆ. ದೇವಸ್ಥಾನದ ಗೆಳತಿಯರು 'ಭಗವದ್ಗೀತೆ ಶ್ಲೋಕದ ಬೋರ್ಡನ್ನೂ ಹಾಕಿ ಅಂತ ಕೇಳೋಣ' ಅನ್ನುತ್ತಾರೆ. ಯಜಮಾನರದ್ದು ಇನ್ನೊಂದೇ ಮಾತು: 'ನಾವು ಓದಿದ ಶಾಲೆಯಲ್ಲಿ ಸರಸ್ವತಿ ಫೋಟೋ ಇರಲಿಲ್ವಾ? ಸುಮ್ನೆ ಇರು, ವೀಸಾಗೆ ತೊಂದರೆ ಆದೀತು.' ನಾವು ಏನಾದರೂ ಮಾಡಬಹುದಾ? ಮಾಡಬೇಕಾ?"

ಉತ್ತರ

ಕಾನೂನಿನ ಮಾತಿಗೆ ಮೊದಲು ಮಗಳ ಮಾತು. ಆ ಪೋಸ್ಟರ್ ಶಾಲೆಯ ನಿಯಮಗಳ ಪಟ್ಟಿ ಅಲ್ಲ. ಅದನ್ನು ಪಾಲಿಸಬೇಕು ಅಂತ ಯಾವ ಟೀಚರೂ ಹೇಳುವಂತಿಲ್ಲ, ಪಾಲಿಸಲಿಲ್ಲ ಅಂತ ಬೈಯುವಂತಿಲ್ಲ. ಇದನ್ನು ಇವತ್ತೇ ಅವಳಿಗೆ ಹೇಳಿ. ಎಂಟು ವರ್ಷದ ಮಗುವಿಗೆ ಕ್ಲಾಸಿನ ಗೋಡೆಯ ಮೇಲೆ ಇರುವುದೆಲ್ಲ ಒಂದೇ. 'ಓಡಬೇಡಿ', 'ಕೈ ಎತ್ತಿ ಮಾತಾಡಿ', 'ಮೂರ್ತಿ ಮಾಡಬೇಡಿ', ಮೂರೂ ಟೀಚರ್ ಹೇಳಿದ ಹಾಗೇ ಕೇಳಿಸುತ್ತವೆ. ಅವಳು ಹೆದರಿದ್ದರಲ್ಲಿ ಆಶ್ಚರ್ಯ ಇಲ್ಲ. ಕಳೆದ ಅರವತ್ತು ವರ್ಷಗಳಲ್ಲಿ ಅಮೆರಿಕದ ನ್ಯಾಯಾಧೀಶರು ಮತ್ತೆ ಮತ್ತೆ ಬರೆದ ಚಿಂತೆ ಕೂಡ ಇದೇ.

ನಾನು ಟೆಕ್ಸಾಸ್‌ನಲ್ಲಿ ಇಪ್ಪತ್ತೈದು ವರ್ಷ ವಕೀಲಿಕೆ ಮಾಡಿದ್ದೇನೆ. ಶಾಲೆ ಮತ್ತು ಅಪ್ಪ ಅಮ್ಮಂದಿರ ನಡುವಿನ ತಕರಾರುಗಳೇ ಜಾಸ್ತಿ. ಈ ಉತ್ತರವನ್ನು 2025ರ ಸೆಪ್ಟೆಂಬರ್ ಕೊನೆಯಲ್ಲಿ ಬರೆಯುತ್ತಿದ್ದೇನೆ. ಕೋರ್ಟಿನಲ್ಲಿ ಈ ವಿಷಯ ಇನ್ನೂ ಓಡುತ್ತಿದೆ, ಹಾಗಾಗಿ ತಾರೀಖು ನೆನಪಿಟ್ಟುಕೊಂಡು ಓದಿ.

ನಿಮ್ಮ ಮಗಳ ಕ್ಲಾಸಿಗೆ ಪೋಸ್ಟರ್ ಬಂದದ್ದು ಟೆಕ್ಸಾಸ್‌ನ ಸೆನೆಟ್ ಬಿಲ್ 10 ಎಂಬ ಕಾನೂನಿನಿಂದ. ಗವರ್ನರ್ ಗ್ರೆಗ್ ಅಬಾಟ್ ಜೂನ್‌ನಲ್ಲಿ ಸಹಿ ಹಾಕಿದರು, ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಯಾರಾದರೂ ಪೋಸ್ಟರ್ ದಾನ ಕೊಟ್ಟರೆ ಸರ್ಕಾರಿ ಶಾಲೆ ಅದನ್ನು ಪ್ರತಿ ಕ್ಲಾಸಿನಲ್ಲೂ ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ ಇರಬೇಕು. ಯಾವ ಪದಗಳು ಇರಬೇಕು ಅಂತಲೂ ಕಾನೂನೇ ಹೇಳುತ್ತದೆ. ಅದರಲ್ಲಿ 'ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು' ಎಂದಿದೆ. ಅದರ ಬೆನ್ನಿಗೇ ನಿಮ್ಮ ಮಗಳು ಓದಿದ ಮೂರ್ತಿಯ ಸಾಲು ಬರುತ್ತದೆ. ದಶಾಜ್ಞೆಗಳನ್ನು ಯಹೂದಿಗಳು, ಕ್ಯಾಥೊಲಿಕರು, ಪ್ರೊಟೆಸ್ಟಂಟರು ಒಂದೇ ಥರ ಎಣಿಸುವುದಿಲ್ಲ, ಒಂದೇ ಪದಗಳಲ್ಲಿ ಓದುವುದೂ ಇಲ್ಲ. ಟೆಕ್ಸಾಸ್ ಆರಿಸಿಕೊಂಡದ್ದು ಪ್ರೊಟೆಸ್ಟಂಟರ ಹಳೆಯ ಇಂಗ್ಲಿಷ್ ಬೈಬಲ್ಲಿಗೆ ಹತ್ತಿರದ ಪಾಠ. ಅಂದರೆ ಕ್ರೈಸ್ತರ ಒಳಗೇ ಒಂದು ಪಂಗಡದ ಓದನ್ನು ಸರ್ಕಾರ ಎತ್ತಿ ಹಿಡಿದಿದೆ. ಕೋರ್ಟಿಗೆ ಹೋದವರಲ್ಲಿ ಹಿಂದೂ ಮತ್ತು ಯಹೂದಿ ಕುಟುಂಬಗಳ ಜೊತೆ ಕ್ರೈಸ್ತ ಕುಟುಂಬಗಳೂ ಇವೆ. ಅವರಿಗೂ ಇದು ನೋವಿನ ವಿಷಯವೇ. ಹಾಗಾಗಿ ಇದನ್ನು 'ನಾವು' ಮತ್ತು 'ಕ್ರೈಸ್ತರು' ಅನ್ನುವ ಜಗಳ ಮಾಡಿಕೊಳ್ಳಬೇಡಿ.

ಇನ್ನು ಪಕ್ಕದ ಮನೆಯವರು ಸರಿಯೋ, ಆಫೀಸಿನವರು ಸರಿಯೋ? ಇಬ್ಬರದ್ದೂ ಅರ್ಧರ್ಧ ಸರಿ. 'ಚರ್ಚ್ ಮತ್ತು ಸರ್ಕಾರದ ನಡುವೆ ಗೋಡೆ' ಎಂಬ ಮಾತು ಸಂವಿಧಾನದಲ್ಲಿ ಇಲ್ಲ. ಇರುವುದು 1791ರ ಮೊದಲ ತಿದ್ದುಪಡಿ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವ ಕಾನೂನು ಮಾಡಬಾರದು, ಜನ ತಮ್ಮ ಧರ್ಮ ಪಾಲಿಸುವುದನ್ನು ತಡೆಯಲೂಬಾರದು ಅಂತ ಅದು ಎರಡು ಮಾತು ಹೇಳುತ್ತದೆ. ಅದಕ್ಕೂ ಮೊದಲೇ, ಮೂಲ ಸಂವಿಧಾನದ 6ನೇ ವಿಧಿಯಲ್ಲಿ ಇನ್ನೊಂದು ಮಾತಿದೆ: ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇಡುವಂತಿಲ್ಲ.

'ಗೋಡೆ' ಎಂಬ ಮಾತು ಬಂದದ್ದು ಒಂದು ಪತ್ರದಿಂದ. ನನಗೆ ತುಂಬ ಇಷ್ಟದ ಕಥೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1801ರಲ್ಲಿ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟರು (ಪ್ರೊಟೆಸ್ಟಂಟರ ಒಂದು ಪಂಗಡ) ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ಆ ರಾಜ್ಯದಲ್ಲಿ ಆಗ ಕಾಂಗ್ರಿಗೇಷನಲ್ ಚರ್ಚ್‌ಗೆ ಸರ್ಕಾರದ ಬೆಂಬಲ ಇತ್ತು. ಬ್ಯಾಪ್ಟಿಸ್ಟರು ಅಲ್ಪಸಂಖ್ಯಾತರು. ನಮ್ಮ ಧರ್ಮ ಪಾಲನೆ ನಮ್ಮ ಹಕ್ಕಾಗಿ ಉಳಿದಿಲ್ಲ, ಸರ್ಕಾರ ಕೊಟ್ಟ ಅನುಗ್ರಹದ ಹಾಗಾಗಿದೆ ಅಂತ ಅವರು ಸಂಕಟ ತೋಡಿಕೊಂಡರು. 1802ರ ಜನವರಿ 1ರಂದು ಜೆಫರ್ಸನ್ ಉತ್ತರ ಬರೆದರು. ಮೊದಲ ತಿದ್ದುಪಡಿ ಚರ್ಚ್ ಮತ್ತು ಸರ್ಕಾರದ ನಡುವೆ ಒಂದು ಗೋಡೆ ಕಟ್ಟಿದೆ ಎಂದರು. ಇವತ್ತು ಟೆಕ್ಸಾಸ್‌ನಲ್ಲಿ ಬ್ಯಾಪ್ಟಿಸ್ಟರು ದೊಡ್ಡ ಪಂಗಡ. ಆದರೆ ಆ ಗೋಡೆ ಬೇಕು ಅಂತ ಮೊದಲು ಕೇಳಿದವರೂ ಅವರ ಹಿರಿಯರೇ. 'ಈ ಗೋಡೆ ನಾಸ್ತಿಕರು ಕಟ್ಟಿದ್ದು' ಅಂತ ಯಾರಾದರೂ ಹೇಳಿದರೆ ನಾನು ಡ್ಯಾನ್‌ಬರಿ ಪತ್ರ ನೆನಪಿಸುತ್ತೇನೆ. ಸಾಕಷ್ಟು ಬ್ಯಾಪ್ಟಿಸ್ಟ್ ಪಾದ್ರಿಗಳು ಇವತ್ತಿಗೂ ಆ ಪರಂಪರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಬರಿ ಪತ್ರದಲ್ಲಿದ್ದ ಮಾತು ಕಾನೂನಿನ ಬಲ ಪಡೆದದ್ದು 1947ರಲ್ಲಿ. ನ್ಯೂಜೆರ್ಸಿಯ ಒಂದು ಬಸ್ ಚಾರ್ಜಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಗೋಡೆಯ ಮಾತನ್ನು ತೀರ್ಪಿನೊಳಗೆ ತಂದಿತು, ಈ ನಿಯಮ ರಾಜ್ಯ ಸರ್ಕಾರಗಳಿಗೂ ಅನ್ವಯ ಎಂದಿತು. ನಂತರ 1962. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ 22 ಪದಗಳ ಒಂದು ಪ್ರಾರ್ಥನೆ ಬರೆದಿತ್ತು. ಯಾವ ಪಂಗಡದ ಹೆಸರೂ ಅದರಲ್ಲಿ ಇರಲಿಲ್ಲ. ಬೇಡದ ಮಕ್ಕಳು ಸುಮ್ಮನಿರಬಹುದಿತ್ತು. ಆದರೂ ಕೋರ್ಟ್ ಬೇಡ ಎಂದಿತು. ಪ್ರಾರ್ಥನೆ ಬರೆಯುವುದು ಸರ್ಕಾರದ ಕೆಲಸ ಅಲ್ಲ ಎಂದಿತು. ಮರುವರ್ಷ ಶಾಲೆಯಲ್ಲಿ ಬೈಬಲ್ ಓದಿಸುವುದಕ್ಕೂ ಅದೇ ಉತ್ತರ ಬಂತು.

ಈಗ ನಿಮ್ಮ ವಿಷಯಕ್ಕೆ ನೇರ ಸಂಬಂಧಿಸಿದ ಕೇಸು. ಕೆಂಟಕಿ ರಾಜ್ಯ 1978ರಲ್ಲಿ ಎಲ್ಲ ಕ್ಲಾಸುಗಳಲ್ಲೂ ದಶಾಜ್ಞೆ ಹಾಕಿಸುವ ಕಾನೂನು ಮಾಡಿತ್ತು. ಖಾಸಗಿ ದಾನದ ದುಡ್ಡು. ಅಳತೆ 16 ಇಂಚು, 20 ಇಂಚು. ಹೌದು, ನಿಮ್ಮ ಮಗಳ ಕ್ಲಾಸಿನದ್ದೇ ಅಳತೆ. ಸುಪ್ರೀಂ ಕೋರ್ಟ್ 1980ರಲ್ಲಿ ಆ ಕಾನೂನನ್ನು ರದ್ದು ಮಾಡಿತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಇವತ್ತಿನವರೆಗೂ ಹಿಂದಕ್ಕೆ ಪಡೆದಿಲ್ಲ.

ಹಾಗಿದ್ದರೆ ಟೆಕ್ಸಾಸ್‌ಗೆ ಈ ಧೈರ್ಯ ಹೇಗೆ ಬಂತು ಅಂತ ನೀವು ಕೇಳಬಹುದು. ಎರಡು ಘಟನೆ ಹೇಳಬೇಕು.

ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿಧಾನಸೌಧದ ಆವರಣ ನೋಡಿದ್ದೀರಾ? ಅಲ್ಲಿ ದಶಾಜ್ಞೆ ಕೆತ್ತಿದ ಒಂದು ಕಲ್ಲು ಇದೆ. 1961ರಲ್ಲಿ ಒಂದು ಸಂಘದವರು ಕೊಟ್ಟದ್ದು. ಅದನ್ನು ತೆಗೆಯಿರಿ ಅನ್ನುವ ಕೇಸು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಲ್ಲು ಇರಲಿ ಅಂತ 5-4ರಲ್ಲಿ ತೀರ್ಪು ಬಂತು. ಅದೇ ದಿನ, ಕೆಂಟಕಿಯ ಕೋರ್ಟ್ ಕಟ್ಟಡಗಳಲ್ಲಿ ತೂಗು ಹಾಕಿದ್ದ ದಶಾಜ್ಞೆಯ ಫ್ರೇಮುಗಳು ಬೇಡ ಅಂತ ಅದೇ ಕೋರ್ಟ್ 5-4ರಲ್ಲೇ ಹೇಳಿತು. ಎರಡು ಕಡೆಯೂ ಗೆದ್ದ ಗುಂಪಿನಲ್ಲಿ ಇದ್ದ ಒಬ್ಬರೇ ನ್ಯಾಯಾಧೀಶರು ಸ್ಟೀಫನ್ ಬ್ರೇಯರ್. ಕಲ್ಲು ನಲವತ್ತು ವರ್ಷ ಯಾರಿಗೂ ತೊಂದರೆ ಕೊಡದೆ ನಿಂತಿದೆ, ಅದೂ ಅಲ್ಲದೆ ಅದು ಶಾಲೆಯ ಅಂಗಳದಲ್ಲಿ ಇಲ್ಲ, ಎಳೆ ಮನಸ್ಸುಗಳಿರುವ ಕಡೆ ಸರ್ಕಾರ ವಿಶೇಷ ಎಚ್ಚರ ವಹಿಸಬೇಕು ಅಂತ ಅವರು ಬರೆದರು. ಅಂದು ಟೆಕ್ಸಾಸ್ ಪರ ಸುಪ್ರೀಂ ಕೋರ್ಟಿನಲ್ಲಿ ನಿಂತು ವಾದಿಸಿದ್ದು ಯಾರು ಗೊತ್ತಾ? ಆಗಿನ ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ಗ್ರೆಗ್ ಅಬಾಟ್. ಇಪ್ಪತ್ತು ವರ್ಷದ ಮೇಲೆ ಅವರೇ ಗವರ್ನರ್ ಆಗಿ, ಅದೇ ಕಲ್ಲಿನ ಮೇಲಿನ ಪಾಠವನ್ನೇ ಕ್ಲಾಸಿನೊಳಗೆ ತರುವ ಕಾನೂನಿಗೆ ಸಹಿ ಹಾಕಿದ್ದಾರೆ. ಇದನ್ನು ಬರೀ ಚುನಾವಣೆಯ ಆಟ ಅಂತ ತಳ್ಳಿಹಾಕಬೇಡಿ. ಇದು ಒಂದು ತಲೆಮಾರಿನ ರಾಜಕಾರಣಿಗಳು ಮನಸಾರೆ ನಂಬಿ ಮಾಡಿದ ಕೆಲಸ. ಮಕ್ಕಳಿಗೆ ನೀತಿ ಕಲಿಸುವ ದಾರಿ ಇದು, ನಮ್ಮ ಕಾನೂನುಗಳ ಬೇರು ಇಲ್ಲಿದೆ ಅನ್ನುವುದು ಅವರ ನಂಬಿಕೆ. ನಾನು ಒಪ್ಪುವುದಿಲ್ಲ. ಆದರೆ ಎದುರಿನವರು ಏನು ನಂಬಿದ್ದಾರೆ ಅಂತ ತಿಳಿಯದೆ ಸ್ಕೂಲ್ ಬೋರ್ಡ್ (ಊರಿನ ಸರ್ಕಾರಿ ಶಾಲೆಗಳ ಚುನಾಯಿತ ಆಡಳಿತ ಮಂಡಳಿ) ಎದುರು ಮಾತಾಡಿದರೆ ಕೆಲಸ ಆಗುವುದಿಲ್ಲ.

ಎರಡನೆಯ ಘಟನೆ 2022ರದ್ದು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಲ್ಲಿ ಒಬ್ಬ ಫುಟ್‌ಬಾಲ್ ಕೋಚ್ ಪಂದ್ಯ ಮುಗಿದ ಮೇಲೆ ಮೈದಾನದ ಮಧ್ಯೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಶಾಲೆ ತಡೆಯಿತು. ಅವರು ಕೇಸು ಹಾಕಿ 6-3ರಲ್ಲಿ ಗೆದ್ದರು. ಅಷ್ಟೇ ಆಗಿದ್ದರೆ ನಿಮಗೆ ಹೇಳುತ್ತಿರಲಿಲ್ಲ. 1971ರಿಂದ ಕೋರ್ಟುಗಳು ಇಂಥ ಕೇಸುಗಳಿಗೆ ಒಂದು ಅಳತೆಗೋಲು ಬಳಸುತ್ತಿದ್ದವು: ಕಾನೂನಿನ ಉದ್ದೇಶ ಲೌಕಿಕವೇ, ಅದರ ಪರಿಣಾಮ ಧರ್ಮವನ್ನು ಮುಂದೆ ತಳ್ಳುತ್ತದೆಯೇ, ಸರ್ಕಾರ ಧರ್ಮದ ಜೊತೆ ಸಿಕ್ಕಿಹಾಕಿಕೊಳ್ಳುತ್ತದೆಯೇ. 2022ರಲ್ಲಿ ಆ ಅಳತೆಗೋಲನ್ನು ಸುಪ್ರೀಂ ಕೋರ್ಟ್ ಬಿಟ್ಟುಬಿಟ್ಟಿತು. ಇನ್ನು ಮುಂದೆ 'ಇತಿಹಾಸ ಮತ್ತು ಪರಂಪರೆ' ನೋಡಿ ತೀರ್ಮಾನಿಸಿ ಎಂದಿತು. 2017ರಿಂದ 2020ರ ನಡುವೆ ಅಧ್ಯಕ್ಷ ಟ್ರಂಪ್ ನೇಮಿಸಿದ ಮೂವರು ನ್ಯಾಯಾಧೀಶರು ಬಂದ ಮೇಲೆ ಕೋರ್ಟಿನ ಒಲವು ಬದಲಾದದ್ದು ಇದಕ್ಕೆ ಕಾರಣ. ಕೆಂಟಕಿ ತೀರ್ಪು ನಿಂತಿದ್ದು ಹಳೆಯ ಅಳತೆಗೋಲಿನ ಮೇಲೆ. ಕೋಲೇ ಮುರಿದ ಮೇಲೆ ತೀರ್ಪು ಹೇಗೆ ನಿಂತೀತು ಅನ್ನುವುದು ಲೂಸಿಯಾನ, ಅರ್ಕಾನ್ಸಾ, ಟೆಕ್ಸಾಸ್ ಸರ್ಕಾರಗಳ ವಾದ. ಮೂರೂ ರಾಜ್ಯಗಳು 2024-25ರಲ್ಲಿ ಇಂಥ ಕಾನೂನು ಮಾಡಿವೆ. ಟೆಕ್ಸಾಸ್‌ನಲ್ಲಿ 2023ರಲ್ಲೂ ಒಂದು ಪ್ರಯತ್ನ ನಡೆದಿತ್ತು. ಸೆನೆಟ್ ದಾಟಿದ ಮಸೂದೆ ಕೆಳಮನೆಯಲ್ಲಿ ಬಿದ್ದುಹೋಯಿತು.

ಕೆಳಗಿನ ಕೋರ್ಟುಗಳು ನಾನಿದನ್ನು ಬರೆಯುವವರೆಗೆ ಆ ವಾದ ಒಪ್ಪಿಲ್ಲ. ಲೂಸಿಯಾನದ ಕಾನೂನು ತಪ್ಪು ಅಂತ ಜೂನ್‌ನಲ್ಲಿ ಐದನೇ ಸರ್ಕಿಟ್ (ಕೆಲವು ರಾಜ್ಯಗಳು ಸೇರಿದ ವಲಯ) ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ಹೇಳಿದೆ. ಟೆಕ್ಸಾಸ್ ಕೂಡ ಅದೇ ಸರ್ಕಿಟ್ಟಿಗೆ ಸೇರುತ್ತದೆ. ಆಗಸ್ಟ್ 20ರಂದು ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶ ಫ್ರೆಡ್ ಬಿಯರಿ ಟೆಕ್ಸಾಸ್ ಕಾನೂನಿಗೂ ತಡೆ ಕೊಟ್ಟರು. ಆದರೆ ಇಲ್ಲೇ ಎಲ್ಲರೂ ಎಡವುವುದು. ಆ ತಡೆ ಕೇಸಿನಲ್ಲಿ ಹೆಸರಿದ್ದ, ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ 11 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಮಾತ್ರ. ಟೆಕ್ಸಾಸ್‌ನಲ್ಲಿ ಡಿಸ್ಟ್ರಿಕ್ಟ್‌ಗಳು ಸಾವಿರಕ್ಕೂ ಜಾಸ್ತಿ ಇವೆ. ಮಿಕ್ಕವರೆಲ್ಲ ಪೋಸ್ಟರ್ ಹಾಕಲೇಬೇಕು ಅಂತ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಕೆಲವೇ ದಿನದಲ್ಲಿ ಹೇಳಿದರು, ಮೇಲ್ಮನವಿಗೂ ಹೋದರು. ಹಾಗಾಗಿ ಪಕ್ಕದ ಊರಿನ ಶಾಲೆಯಲ್ಲಿ ಪೋಸ್ಟರ್ ಇಲ್ಲದೆ, ನಿಮ್ಮ ಶಾಲೆಯಲ್ಲಿ ಇದ್ದರೆ ಅದು ನಿಮ್ಮ ಪ್ರಿನ್ಸಿಪಾಲರ ಹಟ ಅಂತ ತಿಳಿಯಬೇಡಿ. ಅವರು ಎರಡು ಕಲ್ಲಿನ ನಡುವೆ ಸಿಕ್ಕಿದ್ದಾರೆ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ.

ಈಗ ಯಜಮಾನರ ಪ್ರಶ್ನೆ. ಇದನ್ನು ತಳ್ಳಿಹಾಕಬೇಡಿ, ಇಡೀ ಪತ್ರದಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ ಮಾತು ಇದೇ. ನಾನು ಓದಿದ್ದೂ ತಿಪಟೂರು ಕಡೆಯ ಸರ್ಕಾರಿ ಶಾಲೆಯಲ್ಲಿ. ಬೆಳಗ್ಗೆ ಪ್ರಾರ್ಥನೆ ಇತ್ತು, ಶುಕ್ರವಾರ ಸರಸ್ವತಿ ಪೂಜೆ ಇತ್ತು, ಚರುಪು ಹಂಚುತ್ತಿದ್ದರು. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಬೇಡ ಅನ್ನುತ್ತದೆ. ಆದರೆ ಪೂಜೆ, ಹಬ್ಬ, ಫೋಟೋಗಳನ್ನು ನಾವು ಬೋಧನೆ ಅಂತ ಎಣಿಸಲೇ ಇಲ್ಲ. ನಮ್ಮಲ್ಲಿ ಸರ್ಕಾರ ಧರ್ಮದಿಂದ ದೂರ ನಿಲ್ಲುವುದಿಲ್ಲ. ಎಲ್ಲ ಧರ್ಮಗಳ ಮನೆಗೂ ಹೋಗಿ ಬರುತ್ತದೆ. ಮುಜರಾಯಿ ಇಲಾಖೆಯೇ ದೇವಸ್ಥಾನ ನೋಡಿಕೊಳ್ಳುತ್ತದೆ, ಹುಂಡಿ ಎಣಿಸುವಾಗ ಅಧಿಕಾರಿ ಇರುತ್ತಾರೆ. ಅಮೆರಿಕದಲ್ಲಿ ಇದು ಕನಸಿನಲ್ಲೂ ಆಗದು. ಡಲ್ಲಾಸ್‌ನ ನಿಮ್ಮ ದೇವಸ್ಥಾನದ ಹುಂಡಿ ಮುಟ್ಟುವ ಹಾಗಿಲ್ಲ, ಅರ್ಚಕರು ಯಾರಾಗಬೇಕು ಅಂತ ಹೇಳುವ ಹಾಗಿಲ್ಲ. ಆ ರಕ್ಷಣೆ ಕೊಡುವುದು ಇದೇ ಮೊದಲ ತಿದ್ದುಪಡಿ. ಸರ್ಕಾರ ನಿಮ್ಮ ದೇವಸ್ಥಾನದೊಳಗೆ ಬರಬಾರದು ಅಂದರೆ, ಯಾರ ದೇವರನ್ನೂ ತನ್ನ ಕ್ಲಾಸಿನೊಳಗೆ ತರಲೂಬಾರದು. ಎರಡೂ ಕೂಡಿಯೇ ಬರುತ್ತವೆ. ಎರಡು ದೇಶ, ಎರಡು ಏರ್ಪಾಟು. ಅಲ್ಲಿ ಸರಸ್ವತಿಗೆ ಕೈ ಮುಗಿದವರು ಇಲ್ಲಿ ಪೋಸ್ಟರ್ ಬೇಡ ಅಂದರೆ ಅದು ಸೋಗಲ್ಲ.

ಆದರೂ ಒಂದು ಮಾತು ಇದೆ. ನಮ್ಮ ಕ್ಲಾಸಿನಲ್ಲಿ ನನಗೊಬ್ಬ ಆಪ್ತ ಗೆಳೆಯನಿದ್ದ, ಬೇರೆ ಧರ್ಮದವನು. ಶಾರದಾ ಪೂಜೆಯ ದಿನ ಪ್ರತಿ ವರ್ಷವೂ ಅವನಿಗೆ ಜ್ವರ ಬರುತ್ತಿತ್ತು. ನಾವು ಅವನ ಪಾಲಿನ ಕೋಸಂಬರಿ ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ಹೋಗಿ ಕೊಡುತ್ತಿದ್ದೆವು. ಅವನು ಚೆನ್ನಾಗಿಯೇ ಇರುತ್ತಿದ್ದ. ಯಾರೂ ಅವನನ್ನು ಬಲವಂತ ಮಾಡಿರಲಿಲ್ಲ, ಯಾರೂ ಒಂದು ಮಾತೂ ಅಂದಿರಲಿಲ್ಲ. ನಿಮ್ಮ ಮಗಳು ಚಿತ್ರ ಬಚ್ಚಿಟ್ಟದ್ದನ್ನು ಓದಿದಾಗ ನನಗೆ ಅವನ ಜ್ವರ ನೆನಪಾಯಿತು. ಯಜಮಾನರಿಗೂ ಅಂಥ ಒಬ್ಬ ಸಹಪಾಠಿ ನೆನಪಾಗಬಹುದು. ಕೇಳಿ ನೋಡಿ.

ದೇವಸ್ಥಾನದ ಗೆಳತಿಯರ ಉಪಾಯ ಒಳ್ಳೆಯ ಮನಸ್ಸಿನದ್ದು, ಆದರೆ ನಡೆಯುವುದಿಲ್ಲ. ಯೂಟಾ ರಾಜ್ಯದ ಒಂದು ಊರಿನ ಪಾರ್ಕಿನಲ್ಲಿ ದಶಾಜ್ಞೆಯ ಕಲ್ಲಿತ್ತು. ಸಮ್ಮಮ್ ಎಂಬ ಸಣ್ಣ ಪಂಥದವರು ನಮ್ಮ ಸೂತ್ರಗಳ ಕಲ್ಲನ್ನೂ ಇಡಿ ಅಂದರು. 2009ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಇಲ್ಲ ಎಂದಿತು. ಪಾರ್ಕಿನ ಶಾಶ್ವತ ಕಲ್ಲು ಸರ್ಕಾರದ ಸ್ವಂತ ಮಾತು, ಒಬ್ಬರದ್ದು ಇಟ್ಟೆ ಅಂತ ಇನ್ನೊಬ್ಬರದ್ದು ಇಡಬೇಕಾಗಿಲ್ಲ ಎಂದಿತು. ಟೆಕ್ಸಾಸ್ ಕಾನೂನಿನಲ್ಲೂ ದಶಾಜ್ಞೆಗೆ ಮಾತ್ರ ಜಾಗ. ಗೀತೆಯ ಬೋರ್ಡ್ ಕೇಳಿದರೆ ಶಾಲೆ ಬೇಡ ಅನ್ನಬಹುದು. ನನಗಿರುವ ದೊಡ್ಡ ಚಿಂತೆ ಬೇರೆ. ಗೋಡೆಯ ಮೇಲೆ ದೇವರ ಮಾತು ಇರುವುದು ಸರಿ ಅಂತ ಒಮ್ಮೆ ನಾವೇ ಒಪ್ಪಿಕೊಂಡ ಮೇಲೆ, ಯಾವ ಮಾತು ಅನ್ನುವುದನ್ನು ಸಂಖ್ಯೆ ತೀರ್ಮಾನಿಸುತ್ತದೆ. ಟೆಕ್ಸಾಸ್‌ನಲ್ಲಿ ನಮ್ಮ ಸಂಖ್ಯೆ ಎಷ್ಟು ಅಂತ ನಿಮಗೇ ಗೊತ್ತು.

ವೀಸಾ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಮೊದಲ ತಿದ್ದುಪಡಿಯಲ್ಲಿ 'ಸಿಟಿಜನ್' ಎಂಬ ಪದವೇ ಇಲ್ಲ. ಇಲ್ಲಿ ವಾಸಿಸುವ ವಿದೇಶಿಯರಿಗೂ ಮಾತಿನ ಸ್ವಾತಂತ್ರ್ಯ ಇದೆ ಅಂತ ಸುಪ್ರೀಂ ಕೋರ್ಟ್ 1945ರಲ್ಲೇ ಹೇಳಿದೆ. ನಿಮ್ಮ ಮಗಳಂತೂ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಟೀಚರ್ ಜೊತೆ ಮಾತಾಡುವುದು, ಪ್ರಿನ್ಸಿಪಾಲರಿಗೆ ಪತ್ರ ಬರೆಯುವುದು, ಸ್ಕೂಲ್ ಬೋರ್ಡ್ ಸಭೆಯಲ್ಲಿ ಎದ್ದು ಎರಡು ನಿಮಿಷ ಮಾತಾಡುವುದು, ಇವು ಯಾವ ವೀಸಾ ಅರ್ಜಿಯಲ್ಲೂ ಕೇಳುವ ವಿಷಯಗಳಲ್ಲ. ನನ್ನ ಇಷ್ಟು ವರ್ಷದ ಅನುಭವದಲ್ಲಿ ಶಾಲೆಗೆ ಪತ್ರ ಬರೆದ ಕಾರಣಕ್ಕೆ ಯಾರ ಗ್ರೀನ್ ಕಾರ್ಡೂ ನಿಂತದ್ದನ್ನು ನೋಡಿಲ್ಲ. ಹಾಗಂತ ಈಗಿನ ಗಾಳಿ ಗೊತ್ತಿಲ್ಲದವನ ಹಾಗೆ ಮಾತಾಡಲಾರೆ. ಈ ವರ್ಷ ವಿದ್ಯಾರ್ಥಿ ವೀಸಾದಲ್ಲಿದ್ದ ಕೆಲವರ ಮೇಲೆ ಅವರ ರಾಜಕೀಯ ಮಾತಿನ ಕಾರಣಕ್ಕೆ ಕ್ರಮ ಆಗಿದೆ. ಆದ್ದರಿಂದ ಪತ್ರ, ಸಭೆ ಇವುಗಳಿಗೆ ಹಿಂಜರಿಯಬೇಡಿ. ಕೇಸಿನಲ್ಲಿ ಹೆಸರು ಕೊಡುವ ಹಂತ ಬಂದರೆ ಮೊದಲು ವಲಸೆ ವಕೀಲರೊಬ್ಬರನ್ನು ಕಂಡು ಬನ್ನಿ.

ಉತ್ಸಾಹದಲ್ಲಿ ಎರಡು ತಪ್ಪು ಮಾತ್ರ ಮಾಡಬೇಡಿ. ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಅಭ್ಯರ್ಥಿಗೆ ದುಡ್ಡು ಕೊಡಬೇಡಿ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಯಾವ ಮಟ್ಟದ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರಾಗಿ ಹೆಸರು ಬರೆಸಬೇಕಾ ಅಂತ ಕೇಳಿದರೆ, ಬೇಡ ಅನ್ನಿ. ಪೋಸ್ಟರಿನ ಮಾತಿನಿಂದ ಆಗದ ಅನಾಹುತ ಆ ಒಂದು ತಪ್ಪು ಟಿಕ್‌ನಿಂದ ಆಗುತ್ತದೆ.

ಇನ್ನು ಏನು ಮಾಡಬಹುದು. ನಾನಾದರೆ ಟೀಚರ್‌ನಿಂದ ಶುರು ಮಾಡುತ್ತೇನೆ. ದೂರು ಅಂತ ಅಲ್ಲ. ಮಗಳು ಹೀಗೆ ಕೇಳಿದಳು, ಹೆದರಿದ್ದಾಳೆ, ಮಕ್ಕಳು ಕೇಳಿದಾಗ ನೀವು ಏನು ಹೇಳುತ್ತೀರಿ ಅಂತ ವಿಚಾರಿಸಿ. ತುಂಬ ಟೀಚರುಗಳಿಗೂ ಈ ಪೋಸ್ಟರಿನಿಂದ ಮುಜುಗರ ಇದೆ. 'ಏಳನೇ ಆಜ್ಞೆ ಅಂದ್ರೇನು ಮಿಸ್' ಅಂತ ಮೂರನೇ ಕ್ಲಾಸಿನ ಮಕ್ಕಳು ಕೇಳಿದರೆ ವ್ಯಭಿಚಾರಕ್ಕೆ ಏನಂತ ಅರ್ಥ ಹೇಳಬೇಕು, ಅವರಿಗೂ ತೋಚುವುದಿಲ್ಲ.

ನಂತರ ಪತ್ರ. ಟೆಕ್ಸಾಸ್ ಶಿಕ್ಷಣ ಸಂಹಿತೆಯಲ್ಲಿ ಒಂದು ನಿಯಮ ಇದೆ. ನಿಮ್ಮ ಧಾರ್ಮಿಕ ಅಥವಾ ನೈತಿಕ ನಂಬಿಕೆಗೆ ಹೊಂದದ ಪಾಠ ಅಥವಾ ಚಟುವಟಿಕೆಯಿಂದ ಮಗುವನ್ನು ತಾತ್ಕಾಲಿಕವಾಗಿ ಹೊರಗಿಡಿ ಅಂತ ಅಪ್ಪ ಅಮ್ಮ ಬರೆದುಕೊಡಬಹುದು. ಪರೀಕ್ಷೆ ತಪ್ಪಿಸಲು ಆಗುವುದಿಲ್ಲ, ಇಡೀ ಸೆಮಿಸ್ಟರ್ ಬಿಡಿಸಲೂ ಆಗುವುದಿಲ್ಲ. ಗೋಡೆಯ ಪೋಸ್ಟರಿಗೆ ಇದು ಕೆಲಸ ಮಾಡದು, ಏಕೆಂದರೆ ಅದು ದಿನವಿಡೀ ಅಲ್ಲೇ ಇರುತ್ತದೆ. ಆದರೆ ಪಾಠಗಳಿಗೆ ಕೆಲಸಕ್ಕೆ ಬರುತ್ತದೆ. ರಾಜ್ಯದ ಶಿಕ್ಷಣ ಮಂಡಳಿ 2024ರ ನವೆಂಬರಿನಲ್ಲಿ 8-7 ಮತದಿಂದ 'ಬ್ಲೂಬಾನೆಟ್' ಎಂಬ ಪಠ್ಯ ಒಪ್ಪಿದೆ. 5ನೇ ತರಗತಿವರೆಗಿನ ಓದಿನ ಪಾಠಗಳಲ್ಲಿ ಬೈಬಲ್ ಕಥೆಗಳು ಬರುತ್ತವೆ. ಅದು ಕಡ್ಡಾಯ ಅಲ್ಲ, ಆದರೆ ಬಳಸುವ ಡಿಸ್ಟ್ರಿಕ್ಟ್‌ಗೆ ಪ್ರತಿ ಮಗುವಿಗೆ 60 ಡಾಲರ್‌ವರೆಗೆ ಹೆಚ್ಚಿನ ಹಣ ಸಿಗುತ್ತದೆ. ನಿಮ್ಮ ಶಾಲೆ ಬಳಸುತ್ತಿದೆಯಾ ಅಂತ ಕೇಳಿ. ಇದೇ ಜೂನ್ 27ರಂದು ಮೇರಿಲ್ಯಾಂಡಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ತಂದೆತಾಯಿಗಳ ಈ ಹಕ್ಕನ್ನು ಇನ್ನೂ ಗಟ್ಟಿ ಮಾಡಿದೆ. ಅಲ್ಲಿ ಕೇಳಿದವರು ಮುಸ್ಲಿಂ ಮತ್ತು ಕ್ರೈಸ್ತ ಪೋಷಕರು, ವಿಷಯ ಎಲ್‌ಜಿಬಿಟಿ ಕಥೆಪುಸ್ತಕಗಳದ್ದು. ತೀರ್ಪು ಮಾತ್ರ ಯಾವ ಧರ್ಮದವರಿಗಾದರೂ ಒಂದೇ.

ಒಂದು ಎಚ್ಚರಿಕೆ. ಸೆನೆಟ್ ಬಿಲ್ 11 ಎಂಬ ಇನ್ನೊಂದು ಕಾನೂನು ಕೂಡ ಬಂದಿದೆ. ಶಾಲೆಯಲ್ಲಿ ಪ್ರಾರ್ಥನೆಗೆ, ಬೈಬಲ್ ಅಥವಾ ಬೇರೆ ಧರ್ಮಗ್ರಂಥ ಓದುವುದಕ್ಕೆ ಒಂದು ಅವಧಿ ಇಡಬೇಕಾ ಬೇಡವಾ ಅಂತ ಪ್ರತಿ ಸ್ಕೂಲ್ ಬೋರ್ಡ್ 2026ರ ಮಾರ್ಚ್ 1ರ ಒಳಗೆ ಮತ ಹಾಕಿ ನಿರ್ಧರಿಸಬೇಕು. ಮಗು ಸೇರಬೇಕಾದರೆ ಪೋಷಕರು ಒಪ್ಪಿಗೆ ಫಾರಂಗೆ ಸಹಿ ಹಾಕಬೇಕು. ಆ ಫಾರಂನಲ್ಲಿ, ಈ ವಿಷಯವಾಗಿ ಕೇಸು ಹಾಕುವ ಹಕ್ಕು ಬಿಟ್ಟುಕೊಡುತ್ತೇನೆ ಎಂಬ ಸಾಲೂ ಇರುತ್ತದೆ. 'ನಮ್ಮವಳು ಗೀತೆ ಓದಿಕೊಳ್ಳಲಿ ಬಿಡಿ' ಅಂತ ಓದದೆ ಸಹಿ ಹಾಕಬೇಡಿ. ನಿಮ್ಮ ಶಕ್ತಿ ಎಲ್ಲಿ ಹಾಕಬೇಕು ಅಂತ ಕೇಳಿದರೆ, ಈ ಮತದಾನದ ಮೇಲೆ ಹಾಕಿ ಅನ್ನುತ್ತೇನೆ. ಪೋಸ್ಟರ್ ವಿಷಯದಲ್ಲಿ ನಿಮ್ಮ ಬೋರ್ಡಿನ ಕೈ ಕಟ್ಟಿದೆ, ಇದರಲ್ಲಿ ಕಟ್ಟಿಲ್ಲ. ಬೋರ್ಡ್ ಸಭೆಗಳಿಗೆ ಬರುವವರು ತುಂಬ ಕಡಿಮೆ. ಹತ್ತು ಕುಟುಂಬ ಬಂದು ಸಮಾಧಾನದಿಂದ ಮಾತಾಡಿದರೆ ಸದಸ್ಯರು ಕಿವಿಗೊಡುತ್ತಾರೆ. ಆ ಹತ್ತರಲ್ಲಿ ಒಂದಿಬ್ಬರು ಕ್ರೈಸ್ತ ನೆರೆಯವರೂ ಇದ್ದರೆ ಇನ್ನೂ ಒಳ್ಳೆಯದು.

ಕೇಸು ಕೊನೆಯ ದಾರಿ. ಈ ಕೇಸುಗಳನ್ನು ನಡೆಸುತ್ತಿರುವುದು ನಾಗರಿಕ ಹಕ್ಕುಗಳಿಗೆ ಹೋರಾಡುವ ಎಸಿಎಲ್‌ಯು, ಅಮೆರಿಕನ್ಸ್ ಯುನೈಟೆಡ್‌ನಂಥ ಸಂಸ್ಥೆಗಳು. ಅವು ಕುಟುಂಬಗಳಿಂದ ವಕೀಲರ ಫೀಸು ಕೇಳುವುದಿಲ್ಲ. ದುಡ್ಡು ಖರ್ಚಾಗದಿದ್ದರೂ ನೆಮ್ಮದಿ ಖರ್ಚಾಗುತ್ತದೆ. ಇದೇ ಟೆಕ್ಸಾಸ್‌ನ ಸ್ಯಾಂಟಾ ಫೆ ಊರಿನಲ್ಲಿ, ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಮಾಡುವ ಪ್ರಾರ್ಥನೆ ಬೇಡ ಅಂತ ಎರಡು ಕುಟುಂಬ ಕೇಸು ಹಾಕಿದವು. ಒಂದು ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ), ಒಂದು ಕ್ಯಾಥೊಲಿಕ್. ಹೆಸರು ಹೊರಬಂದರೆ ಮಕ್ಕಳಿಗೆ ತೊಂದರೆ ಅಂತ ಕೋರ್ಟ್ ಅವರ ಗುರುತು ಮುಚ್ಚಿಟ್ಟಿತು. 2000ದಲ್ಲಿ 6-3ರಲ್ಲಿ ಗೆದ್ದರು. ಗುರುತು ಮುಚ್ಚುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಸಿಕ್ಕೇ ಸಿಗುತ್ತದೆ ಅಂತ ಭರವಸೆ ಕೊಡಲಾರೆ. ನೀವು ಕೇಸಿಗೆ ಹೋಗದೆ ಇದ್ದರೂ ಯಾವ ತಪ್ಪೂ ಇಲ್ಲ. ಕೊನೆಯ ಮಾತು ಹೇಗಿದ್ದರೂ ಸುಪ್ರೀಂ ಕೋರ್ಟಿನದ್ದೇ.

ಆ ಚಿತ್ರದ ವಿಷಯ ಕೊನೆಗೆ ಉಳಿಸಿಕೊಂಡೆ. ಟೆಕ್ಸಾಸ್‌ನಲ್ಲಿ 2007ರದ್ದೊಂದು ಕಾನೂನಿದೆ. ಮಕ್ಕಳು ಹೋಮ್‌ವರ್ಕಿನಲ್ಲಿ, ಚಿತ್ರದಲ್ಲಿ, ಪ್ರಬಂಧದಲ್ಲಿ ತಮ್ಮ ಧರ್ಮದ ಬಗ್ಗೆ ಹೇಳಿಕೊಳ್ಳಬಹುದು, ಅದಕ್ಕಾಗಿ ಶಾಲೆ ಭೇದ ಮಾಡುವಂತಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಗೋಡೆಯ ಪೋಸ್ಟರ್ ಸರ್ಕಾರದ ಮಾತು, ಅದಕ್ಕೆ ಕಟ್ಟುಪಾಡು ಇದೆ. ನಿಮ್ಮ ಮಗಳ ಗಣಪತಿ ಅವಳ ಸ್ವಂತ ಮಾತು, ಅದಕ್ಕೆ ರಕ್ಷಣೆ ಇದೆ. ಗೌರಿ-ಗಣೇಶಕ್ಕೆ, ದೀಪಾವಳಿಗೆ ರಜೆ ಬೇಕು ಅಂತ ನೀವು ಮೊದಲೇ ತಿಳಿಸಿದರೆ ಅದನ್ನೂ ಶಾಲೆ ಒಪ್ಪಬೇಕು, ಅದೂ ಇದೇ ರಾಜ್ಯದ ಕಾನೂನು. ನಾಳೆ ಬೆಳಗ್ಗೆ ಚಿತ್ರ ಬ್ಯಾಗಿನಿಂದ ಹೊರಗೆ ಬರಲಿ. ಸುಕ್ಕಾಗಿದ್ದರೆ ಇನ್ನೊಂದು ಬರೆಯಲಿ, ಸೊಂಡಿಲು ಯಾವ ಕಡೆ ತಿರುಗಿಸಬೇಕು ಅಂತ ಅಪ್ಪನನ್ನೇ ಕೇಳಲಿ. ಅವಳೇ ಟೀಚರ್ ಕೈಗೆ ಕೊಡಲಿ.